ಗಾರೆಯಿಲ್ಲದ ಗೋಡೆಗಳ ಮೇಲೆ ನಿಂತ ಐದು ಊರುಗಳು

ಇಟಲಿಯ ಜಿನೋವಾ ನಗರದಿಂದ ಆಗ್ನೇಯಕ್ಕೆ ಹೊರಟ ರೈಲು ಲೆವಾಂತೊ ನಿಲ್ದಾಣವನ್ನು ಬಿಟ್ಟ ಮೇಲೆ ಬಹುಪಾಲು ಸುರಂಗದಲ್ಲಿಯೇ ಓಡುತ್ತದೆ. ಕತ್ತಲೆ, ಒಂದು ಕ್ಷಣ ಕಣ್ಣು ಕೋರೈಸುವ ನೀಲಿ ಕಡಲು, ಮತ್ತೆ ಕತ್ತಲೆ. ಈ ಬೆಳಕಿನ ಕಿಂಡಿಗಳಲ್ಲಿ ಒಂದರ ಹಿಂದೊಂದು ಐದು ಊರುಗಳು ಬಂದು ಹೋಗುತ್ತವೆ: ಮೊಂತೆರೊಸ್ಸೊ, ವೆರ್ನಾತ್ಸಾ, ಕೊರ್ನೀಲ್ಯಾ, ಮನರೋಲಾ, ರಿಯೊಮಜ್ಜೋರೆ. ಎಲ್ಲಕ್ಕೂ ಸೇರಿ ‘ಚಿಂಕ್ವೆ ತೆರ್ರೆ’ ಎಂದು ಹೆಸರು, ಅಂದರೆ ಐದು ನೆಲಗಳು. ಮೊದಲ ಊರಿನಿಂದ ಕೊನೆಯ ಊರಿಗೆ ರೈಲಿನಲ್ಲಿ ಅರ್ಧ ಗಂಟೆಯೂ ಬೇಕಿಲ್ಲ. ಬೆಟ್ಟದ ಕಾಲುದಾರಿ ಹಿಡಿದವರಿಗೆ ಮಾತ್ರ ದಿನದ ಬಹುಭಾಗ ಬೇಕು.

ಮೆಡಿಟರೇನಿಯನ್ ತೀರದ ಅತಿ ಸುಂದರ ತಾಣಗಳ ಪಟ್ಟಿಯಲ್ಲಿ ಈ ಊರುಗಳು ಇದ್ದೇ ಇರುತ್ತವೆ. ಕ್ಯಾಲೆಂಡರುಗಳಲ್ಲಿ, ಅಂಚೆ ಕಾರ್ಡುಗಳಲ್ಲಿ ಕಾಣುವ ಚಿತ್ರ ಎಲ್ಲರಿಗೂ ಪರಿಚಿತ. ಕಡಿದಾದ ಬಂಡೆ, ಅದಕ್ಕೆ ಅಂಟಿಕೊಂಡ ಗುಲಾಬಿ, ಹಳದಿ, ಕಾವಿ ಬಣ್ಣದ ಎತ್ತರದ ಮನೆಗಳು, ಕೆಳಗೆ ನಾಲ್ಕಾರು ದೋಣಿಗಳು. ಆ ಚಿತ್ರವನ್ನು ಇನ್ನೊಮ್ಮೆ ಗಮನವಿಟ್ಟು ನೋಡಿದರೆ ಮನೆಗಳ ಹಿಂದೆ ಬೆಟ್ಟದ ಮೈಮೇಲೆಲ್ಲ ಅಡ್ಡಡ್ಡ ಗೆರೆಗಳು ಎಳೆದಿರುವುದು ಕಾಣುತ್ತದೆ. ದೂರದಿಂದ ಅವು ಬಾಚಣಿಗೆಯ ಗುರುತಿನಂತೆ ತೋರುತ್ತವೆ. ಹತ್ತಿರ ಹೋದರೆ ಪ್ರತಿಯೊಂದು ಗೆರೆಯೂ ಒಂದು ಕಲ್ಲಿನ ಗೋಡೆ. ಸಿಮೆಂಟಿಲ್ಲ, ಸುಣ್ಣದ ಗಾರೆಯಿಲ್ಲ, ಮಣ್ಣಿನ ಮೆತ್ತನೆಯೂ ಇಲ್ಲ. ಕಲ್ಲಿನ ಮೇಲೆ ಕಲ್ಲು ಕೂತು ನಿಂತ ಗೋಡೆ. ಊರುಗಳ ನಿಜವಾದ ಇತಿಹಾಸ ಇರುವುದು ಅಲ್ಲಿ. ಬಂದರಿನ ಕಟ್ಟೆಯ ಮೇಲೆ ಕೂತು ಕಡಲು ನೋಡುವವರ ಬೆನ್ನಿಗೆ ಅದು ಇರುತ್ತದೆ.

ಈ ಕರಾವಳಿಯಲ್ಲಿ ಸಮತಟ್ಟಾದ ನೆಲ ಎಂಬುದೇ ಇಲ್ಲವೆನ್ನಬೇಕು. ಬೆಟ್ಟ ನೇರವಾಗಿ ಕಡಲಿಗೆ ಇಳಿಯುತ್ತದೆ. ಮರಳುಗಲ್ಲಿನ ಆ ಇಳಿಜಾರಿನಲ್ಲಿ ಮಳೆ ಬಿದ್ದರೆ ಮಣ್ಣು ನಿಲ್ಲದು. ಅಂಥ ಕಡೆ ಬೇಸಾಯ ಮಾಡಬೇಕೆಂದರೆ ಮೊದಲು ನೆಲವನ್ನೇ ತಯಾರಿಸಬೇಕು. ಸುಮಾರು ಒಂದು ಸಾವಿರ ವರ್ಷಗಳ ಹಿಂದೆ ಈ ಕೆಲಸ ದೊಡ್ಡ ಪ್ರಮಾಣದಲ್ಲಿ ಆರಂಭವಾಯಿತೆಂದು ಇತಿಹಾಸಕಾರರು ಹೇಳುತ್ತಾರೆ. ಬೆಟ್ಟದ ಕಾಡು ಕಡಿದು, ಬಂಡೆ ಒಡೆದು, ಆ ಕಲ್ಲಿನಿಂದಲೇ ಗೋಡೆ ಕಟ್ಟಿ, ಗೋಡೆಯ ಹಿಂದೆ ಪುಡಿಗಲ್ಲು ಮತ್ತು ಮಣ್ಣು ತುಂಬಿ ಒಂದೊಂದೇ ಮೆಟ್ಟಿಲನ್ನು ಎಬ್ಬಿಸಿದರು. ಕೆಲವು ಮೆಟ್ಟಿಲುಗಳ ಅಗಲ ನಾಲ್ಕು ಹೆಜ್ಜೆ ಮಾತ್ರ. ಅದರಲ್ಲಿ ಎರಡು ಸಾಲು ದ್ರಾಕ್ಷಿ ಬಳ್ಳಿ ಹಿಡಿಸಿದರೆ ಹೆಚ್ಚು. ಎತ್ತು ಕಟ್ಟಿ ಉಳುವ ಮಾತೇ ಇಲ್ಲ. ಎಲ್ಲವೂ ಗುದ್ದಲಿಯ ಕೆಲಸ, ಬೆನ್ನಿನ ಕೆಲಸ.

ಗೋಡೆ ಕಟ್ಟುವುದರಲ್ಲಿ ಒಂದು ಲೆಕ್ಕಾಚಾರ ಉಂಟು. ಗಟ್ಟಿ ನೆಲ ಸಿಗುವವರೆಗೆ ಅಗೆದು ದಪ್ಪ ಕಲ್ಲುಗಳನ್ನು ಬುನಾದಿಗೆ ಹಾಕುತ್ತಾರೆ. ಮುಖದ ಕಲ್ಲುಗಳು ಬೆಟ್ಟದ ಕಡೆಗೆ ಸ್ವಲ್ಪ ವಾಲಿರಬೇಕು. ಮೇಲಿನ ಕಲ್ಲು ಕೆಳಗಿನ ಎರಡು ಕಲ್ಲುಗಳ ಸಂದಿನ ಮೇಲೆ ಕೂರಬೇಕು. ಗೋಡೆಯ ಬೆನ್ನಿಗೆ ಸಣ್ಣ ಕಲ್ಲುಗಳ ಒಂದು ಪದರ, ಅದರ ಹಿಂದೆ ಮಣ್ಣು. ಗಾರೆ ಹಾಕಿ ಭದ್ರ ಮಾಡಬಾರದೇ ಎಂದು ಕೇಳಬಹುದು. ಹಾಕಿದರೆ ಗೋಡೆ ಉಳಿಯದು. ಮಳೆಯ ನೀರು ಮಣ್ಣಿಗೆ ಇಳಿದು ಹೊರಬರಲು ದಾರಿ ಕಾಣದೆ ಹಿಂದೆ ಮಡುಗಟ್ಟಿ ನಿಲ್ಲುತ್ತದೆ. ಆ ಭಾರಕ್ಕೆ ಎಂಥ ಗೋಡೆಯೂ ಒಂದು ದಿನ ಒಡೆಯುತ್ತದೆ. ಗಾರೆಯಿಲ್ಲದ ಗೋಡೆಯಲ್ಲಿ ಪ್ರತಿಯೊಂದು ಸಂದೂ ಒಂದು ಬಚ್ಚಲು. ನೀರು ಸೋಸಿ ಹೊರಬೀಳುತ್ತದೆ, ಮಣ್ಣು ಒಳಗೇ ಉಳಿಯುತ್ತದೆ. ಅಂದರೆ ಈ ಗೋಡೆ ಬೆಟ್ಟವನ್ನು ಹಿಡಿದು ನಿಲ್ಲಿಸುವ ಸಾಧನ ಮಾತ್ರವಲ್ಲ, ಬೆಟ್ಟದ ನೀರನ್ನು ಹದವಾಗಿ ಇಳಿಸುವ ವ್ಯವಸ್ಥೆಯೂ ಹೌದು. ಹದಿನೈದು ಕಿಲೋಮೀಟರಿನಷ್ಟು ಉದ್ದದ ಈ ತೀರದಲ್ಲಿ ಒಂದು ಕಾಲಕ್ಕೆ ಇದ್ದ ಗೋಡೆಗಳನ್ನೆಲ್ಲ ತುದಿಗೆ ತುದಿ ಸೇರಿಸಿದರೆ ಸುಮಾರು 7,000 ಕಿಲೋಮೀಟರು ಆಗುತ್ತದೆಂಬ ಅಂದಾಜು ಬಳಕೆಯಲ್ಲಿದೆ. ಚೀನಾದ ಮಹಾಗೋಡೆಯನ್ನು ಇದಕ್ಕೆ ಹೋಲಿಸುವ ವಾಡಿಕೆಯೂ ಇದೆ. ಚೀನಾದ್ದನ್ನು ಕಟ್ಟಿಸಿದವರು ಚಕ್ರವರ್ತಿಗಳು. ಇಲ್ಲಿ ಕಟ್ಟಿಸಿದವರು ಯಾರೂ ಇಲ್ಲ, ಕಟ್ಟಿದವರಷ್ಟೇ ಇದ್ದಾರೆ.

ಈ ಊರುಗಳನ್ನು ‘ಬೆಸ್ತರ ಹಳ್ಳಿಗಳು’ ಎಂದು ಪ್ರವಾಸಿ ಪುಸ್ತಕಗಳು ಕರೆಯುತ್ತವೆ. ಕಡಲಿನಿಂದ ಮರಳುವ ಬೆಸ್ತ ತನ್ನ ಮನೆಯನ್ನು ದೂರದಿಂದಲೇ ಗುರುತು ಹಿಡಿಯಲೆಂದು ಗೋಡೆಗಳಿಗೆ ಬೇರೆ ಬೇರೆ ಬಣ್ಣ ಬಳಿದರು ಎಂಬ ಕಥೆಯನ್ನೂ ಹೇಳುತ್ತವೆ. ಕಥೆ ಚೆನ್ನಾಗಿದೆ. ಆದರೆ ಇಲ್ಲಿಯ ಬಹುಪಾಲು ಜನ ಬಹುಪಾಲು ಕಾಲ ದ್ರಾಕ್ಷಿ ಬೆಳೆಗಾರರಾಗಿದ್ದರು. ಮೀನುಗಾರಿಕೆ ಮುಖ್ಯವಾಗಿ ಮೊಂತೆರೊಸ್ಸೊದವರ ಕಸುಬು. ಅಲ್ಲಿ ರಾತ್ರಿ ದೀಪ ಹಚ್ಚಿಕೊಂಡು ಹೋಗಿ ಹಿಡಿಯುವ ಆಂಚೊವಿ ಎಂಬ ಸಣ್ಣ ಮೀನು, ಅದನ್ನು ಪದರಪದರವಾಗಿ ಉಪ್ಪಿನಲ್ಲಿಟ್ಟು ಕಾಪಾಡುವ ಪದ್ಧತಿ, ಇಂದಿಗೂ ಹೆಸರುವಾಸಿ. ವೆರ್ನಾತ್ಸಾಕ್ಕೆ ಸ್ವಾಭಾವಿಕ ಬಂದರು ಇದ್ದುದರಿಂದ ಹಡಗಿನ ವ್ಯಾಪಾರ ಕೈಗೆ ಬಂತು. ಕೊರ್ನೀಲ್ಯಾದ ಮಾತೇ ಬೇರೆ. ಅದು ಕಡಲಿನಿಂದ ನೂರು ಮೀಟರು ಮೇಲೆ, ಬಂಡೆಯ ನೆತ್ತಿಯಲ್ಲಿ ಕೂತ ಊರು. ಬಂದರಿಲ್ಲ. ರೈಲು ನಿಲ್ದಾಣದಿಂದ ಊರಿಗೆ ಹೋಗಲು ಇಂದಿಗೂ ಸುಮಾರು 380 ಮೆಟ್ಟಿಲು ಹತ್ತಬೇಕು, ಇಲ್ಲವೇ ಬಸ್ಸಿಗೆ ಕಾಯಬೇಕು. ಸಮುದ್ರ ತೀರದ ಊರೆಂದು ಹೆಸರು ಹೊತ್ತರೂ ಅದು ಅಪ್ಪಟ ರೈತರ ಊರು.

ಊರುಗಳ ಹುಟ್ಟೂ ಇದನ್ನೇ ಹೇಳುತ್ತದೆ. ಸ್ಥಳೀಯ ಪರಂಪರೆಯ ಪ್ರಕಾರ ಜನ ಮೊದಲಿದ್ದದ್ದು ಬೆಟ್ಟದ ಮೇಲೆ. ಕಡಲ್ಗಳ್ಳರ ಭಯ ಕಡಿಮೆಯಾದಂತೆ ಅವರು ಕೆಳಗಿಳಿದರು. ಐದೂ ಊರುಗಳಿಗೆ ಬೆಟ್ಟದ ಮೇಲೆ ಇಂದಿಗೂ ಒಂದೊಂದು ಮಾತೆಯ ಗುಡಿ ಇದೆ. ಆ ಗುಡಿಗಳನ್ನು ಜೋಡಿಸುವ ಮೇಲಿನ ದಾರಿ ಕೆಳಗಿನ ಪ್ರಸಿದ್ಧ ಕಾಲುದಾರಿಗಿಂತ ಹಳೆಯದು. 13ನೇ ಶತಮಾನದಲ್ಲಿ ಈ ತೀರ ಜಿನೋವಾ ಗಣರಾಜ್ಯದ ಕೈಗೆ ಬಂತು. ಸಮುದ್ರ ವ್ಯಾಪಾರದಲ್ಲಿ ವೆನಿಸ್ ಮತ್ತು ಪೀಸಾಗಳಿಗೆ ಸಮನಾಗಿ ನಿಂತಿದ್ದ ಜಿನೋವಾಕ್ಕೆ ಇಲ್ಲಿಯ ದ್ರಾಕ್ಷಾರಸ ಬೇಕಿತ್ತು. ಊರುಗಳಿಗೆ ರಕ್ಷಣೆಯೂ ಮಾರುಕಟ್ಟೆಯೂ ಒಟ್ಟಿಗೆ ದೊರೆತವು. ಬಂದ ಹಣ ಎಲ್ಲಿ ಹೋಯಿತೆಂಬುದಕ್ಕೆ ಚರ್ಚುಗಳ ಕಾಲವನ್ನು ನೋಡಿದರೆ ಸಾಕು. ವೆರ್ನಾತ್ಸಾದ ಚರ್ಚು 1318, ಕೊರ್ನೀಲ್ಯಾದ್ದು 1334, ಮನರೋಲಾದ್ದು 1338, ರಿಯೊಮಜ್ಜೋರೆಯದು 1340. ಇಪ್ಪತ್ತೆರಡು ವರ್ಷಗಳ ಅಂತರದಲ್ಲಿ ನಾಲ್ಕು ಪುಟ್ಟ ಊರುಗಳು ನಾಲ್ಕು ಕಲ್ಲಿನ ಚರ್ಚುಗಳನ್ನು ಕಟ್ಟಿಸುವಷ್ಟು ಶಕ್ತವಾಗಿದ್ದವು. ಆ ಶಕ್ತಿ ದ್ರಾಕ್ಷಿಯದು.

ಈ ದ್ರಾಕ್ಷಾರಸದ ಖ್ಯಾತಿಗೆ ಸಾಹಿತ್ಯದಲ್ಲೂ ಸಾಕ್ಷಿ ಉಂಟು. 14ನೇ ಶತಮಾನದ ಬೊಕ್ಕಾಚ್ಚೊ ತನ್ನ ‘ಡೆಕಮೆರಾನ್’ ಕಥಾಸಂಕಲನದಲ್ಲಿ ಗೀನೊ ದಿ ತಾಕ್ಕೊ ಎಂಬ ದರೋಡೆಕೋರನ ಕಥೆ ಹೇಳುತ್ತಾನೆ. ಕ್ಲೂನಿ ಮಠದ ಶ್ರೀಮಂತ ಮಠಾಧಿಪತಿ ಹೊಟ್ಟೆನೋವಿನ ಚಿಕಿತ್ಸೆಗೆಂದು ಸಿಯೆನಾದ ಬಿಸಿನೀರಿನ ಬುಗ್ಗೆಗಳಿಗೆ ಪರಿವಾರ ಸಮೇತ ಹೊರಟಿರುತ್ತಾನೆ. ಗೀನೊ ಅವನನ್ನು ಹಿಡಿದು ಕೂಡಿಹಾಕುತ್ತಾನೆ. ಊಟಕ್ಕೆ ಕೊಡುವುದು ಸುಟ್ಟ ರೊಟ್ಟಿಯ ಎರಡು ತುಂಡು ಮತ್ತು ಒಂದು ದೊಡ್ಡ ಲೋಟ ಕೊರ್ನೀಲ್ಯಾದ ದ್ರಾಕ್ಷಾರಸ, ಅಷ್ಟೆ. ಕೆಲವು ದಿನಗಳ ಈ ಪಥ್ಯದಿಂದ ಮಠಾಧಿಪತಿಯ ಹೊಟ್ಟೆನೋವು ಮಾಯವಾಗಿ, ಅವನು ಕೊನೆಗೆ ದರೋಡೆಕೋರನ ಪರವಾಗಿ ಪೋಪರ ಬಳಿ ಶಿಫಾರಸು ಮಾಡುತ್ತಾನೆ. ಒಂದು ಕುಗ್ರಾಮದ ಹೆಸರನ್ನು ಹೇಳಿದರೆ ಫ್ಲಾರೆನ್ಸಿನ ಓದುಗರಿಗೆ ತಟ್ಟನೆ ಅರ್ಥವಾಗುತ್ತಿತ್ತು ಎಂಬುದೇ ಇಲ್ಲಿ ಮುಖ್ಯ.

16ನೇ ಶತಮಾನದಲ್ಲಿ ಉತ್ತರ ಆಫ್ರಿಕದ ತೀರದಿಂದ ಬರುತ್ತಿದ್ದ ಕಡಲ್ಗಳ್ಳರ ಹಾವಳಿ ಮತ್ತೆ ಹೆಚ್ಚಿತು. ಇಂದು ಫೋಟೊಗಳಲ್ಲಿ ಶೋಭಿಸುವ ಕಾವಲು ಬುರುಜುಗಳಿಗೆ ಆ ದಿನಗಳಲ್ಲಿ ಬಿಡುವಿರಲಿಲ್ಲ. ಆಮೇಲಿನ ಮುನ್ನೂರು ವರ್ಷಗಳಲ್ಲಿ ಹೊರಗಿನವರು ಗಮನಿಸುವಂಥದೇನೂ ನಡೆಯಲಿಲ್ಲ. ಗೋಡೆಗಳು ಮಾತ್ರ ಬೆಳೆಯುತ್ತ ಹೋದವು. ಹೊರಗಿನ ಲೋಕಕ್ಕೆ ದೋಣಿ, ಇಲ್ಲವೇ ಹೇಸರಗತ್ತೆಯ ದಾರಿ. ಕುಯಿಲಿನ ಕಾಲದಲ್ಲಿ ದ್ರಾಕ್ಷಿಯ ಬುಟ್ಟಿಗಳು ಗಂಡಸರ ಹೆಗಲ ಮೇಲೆ, ಹೆಂಗಸರ ತಲೆಯ ಮೇಲೆ ಇಳಿಯುತ್ತಿದ್ದವು. ಮಳೆಗೆ ಜಾರಿದ ಮಣ್ಣು ಅದೇ ಬುಟ್ಟಿಗಳಲ್ಲಿ ಮೇಲೆ ಹತ್ತುತ್ತಿತ್ತು.

ಬದಲಾವಣೆ ಬಂದದ್ದು ರೈಲಿನ ಜೊತೆ. ನೆರೆಯ ಲಾ ಸ್ಪೇತ್ಸಿಯಾದಲ್ಲಿ 1869ರಲ್ಲಿ ಹೊಸ ಇಟಲಿ ರಾಜ್ಯದ ನೌಕಾ ಕಾರ್ಖಾನೆ ಉದ್ಘಾಟನೆಯಾಯಿತು. 1874ರಲ್ಲಿ ಬೆಟ್ಟಗಳನ್ನು ಕೊರೆದು ರೈಲು ಮಾರ್ಗ ಪೂರ್ಣವಾಯಿತು. ಸಾವಿರ ವರ್ಷಗಳಲ್ಲಿ ಮೊದಲ ಬಾರಿಗೆ ರಿಯೊಮಜ್ಜೋರೆಯ ಹುಡುಗನಿಗೆ ದ್ರಾಕ್ಷಿ ತೋಟ ಬಿಟ್ಟು ಬೇರೆ ಸಂಬಳದ ಕೆಲಸ ಸಿಕ್ಕಿತು. ಬೆಳಿಗ್ಗೆ ಹೊರಟು ಸಂಜೆ ಮರಳಬಹುದಿತ್ತು. ತಿಂಗಳ ಕೊನೆಗೆ ಕೈಗೆ ರೊಕ್ಕ ಬರುತ್ತಿತ್ತು, ಆಲಿಕಲ್ಲು ಬಿದ್ದು ಬೆಳೆ ಹಾಳಾದರೂ ಬರುತ್ತಿತ್ತು. ತೋಟದ ಕೆಲಸ ರಜಾದಿನದ ಕೆಲಸವಾಯಿತು. ಮೇಲಾಗಿ 1920ರ ದಶಕದಲ್ಲಿ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಕೀಟ ಬಂದು ಬಳ್ಳಿಗಳನ್ನು ಒಣಗಿಸಿತು. ಎರಡನೇ ಮಹಾಯುದ್ಧದ ನಂತರವಂತೂ ಯುವಕರು ನಗರಗಳ ಕಡೆಗೆ ಹೊರಟೇಬಿಟ್ಟರು.

ಪ್ರವಾಸೋದ್ಯಮವೇ ಈ ಊರುಗಳನ್ನು ಕೆಡಿಸಿತು ಎನ್ನುವವರು ಈ ಕಾಲಾನುಕ್ರಮವನ್ನು ಮರೆಯುತ್ತಾರೆ. ಪ್ರವಾಸಿಗಳು ತಂಡೋಪತಂಡವಾಗಿ ಬರುವ ಎಷ್ಟೋ ಮೊದಲೇ ಮೇಲಿನ ಮೆಟ್ಟಿಲುಗಳು ಪಾಳು ಬೀಳತೊಡಗಿದ್ದವು. ಅಂದಿನ ದಿನಗಳಲ್ಲಿ ಇಲ್ಲಿಗೆ ಬರುತ್ತಿದ್ದವರು ಬೇಸಿಗೆ ಕಳೆಯುವ ಕೆಲವೇ ಕುಟುಂಬಗಳು. 1896ರಲ್ಲಿ ಜಿನೋವಾದಲ್ಲಿ ಹುಟ್ಟಿದ ಕವಿ ಎಉಜೇನಿಯೊ ಮೊಂತಾಲೆಯ ಮನೆಯವರು ಅಂಥವರು. ಮೊಂತೆರೊಸ್ಸೊದಲ್ಲಿ ಅವರದೊಂದು ಮನೆಯಿತ್ತು. 1925ರಲ್ಲಿ ಹೊರಬಂದ ಅವನ ಮೊದಲ ಕವನ ಸಂಕಲನದಲ್ಲಿ ಈ ತೀರದ ಬಿಸಿಲು, ಒಣ ಬಂಡೆ, ಉಪ್ಪುಗಾಳಿ ತುಂಬಿವೆ. ಅಂಚೆ ಕಾರ್ಡಿನ ಸೊಬಗು ಮಾತ್ರ ಹುಡುಕಿದರೂ ಸಿಗದು. 1975ರಲ್ಲಿ ಅವನಿಗೆ ನೊಬೆಲ್ ಪ್ರಶಸ್ತಿ ಬಂತು.

ಪ್ರವಾಸಿಗಳು ಬಂದದ್ದು ಖಾಲಿಯಾಗುತ್ತಿದ್ದ ಊರಿಗೆ. ಅವರು ಬರದಿದ್ದರೆ ಉಳಿದ ಕೆಲವರೂ ಹೋಗುತ್ತಿದ್ದರೇನೋ. ಈಗ ಐದೂ ಊರುಗಳ ಜನಸಂಖ್ಯೆ ಸೇರಿದರೆ 4,000ದ ಒಳಗೆ. ವರ್ಷಕ್ಕೆ ಬಂದು ಹೋಗುವವರು 20 ಲಕ್ಷವನ್ನೂ ಮೀರುತ್ತಾರೆ. ಬಾಡಿಗೆ ಕೋಣೆ, ಹೋಟೆಲು, ಐಸ್‌ಕ್ರೀಮಿನ ಅಂಗಡಿ ಕೊಡುವ ಆದಾಯದ ಮುಂದೆ ದ್ರಾಕ್ಷಿ ತೋಟದ ಆದಾಯ ಏನೂ ಅಲ್ಲ. ಪ್ರವಾಸಿ ಬರುವುದು ಬೆಟ್ಟದ ಮೆಟ್ಟಿಲು ನೋಡಲು. ಅವನನ್ನು ಸತ್ಕರಿಸುವ ಕೆಲಸದಲ್ಲಿ ಮೆಟ್ಟಿಲು ನೋಡಿಕೊಳ್ಳಲು ಯಾರಿಗೂ ಪುರುಸೊತ್ತಿಲ್ಲ. ಈ ವಿಚಿತ್ರವನ್ನು ಇಟಲಿ ಸರ್ಕಾರವೂ ಗುರುತಿಸದೆ ಇರಲಿಲ್ಲ. 1997ರಲ್ಲಿ ಯುನೆಸ್ಕೊ ಈ ತೀರವನ್ನು ನೆರೆಯ ಪೋರ್ತೊವೇನೆರೆ ಮತ್ತು ಮೂರು ದ್ವೀಪಗಳ ಸಹಿತ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸೇರಿಸಿದ್ದು ಪ್ರಕೃತಿ ಸೌಂದರ್ಯವೆಂದಲ್ಲ, ಮನುಷ್ಯ ರೂಪಿಸಿದ ಸಾಂಸ್ಕೃತಿಕ ಭೂದೃಶ್ಯವೆಂದು. 1999ರಲ್ಲಿ ಚಿಂಕ್ವೆ ತೆರ್ರೆ ರಾಷ್ಟ್ರೀಯ ಉದ್ಯಾನವಾಯಿತು. ಹುಲಿ, ಕರಡಿ, ಹಳೆಯ ಕಾಡುಗಳನ್ನು ಮನುಷ್ಯನಿಂದ ಕಾಪಾಡುವುದಕ್ಕೆ ರಾಷ್ಟ್ರೀಯ ಉದ್ಯಾನಗಳಿವೆ. ಮನುಷ್ಯನ ಕೈಕೆಲಸವನ್ನು ಕಾಡು ನುಂಗದಂತೆ ಕಾಪಾಡುವುದು ಇಲ್ಲಿಯ ವಿಶೇಷ.

ನುಂಗುವುದೆಂದರೆ ಹೇಗೆ? ಬೇಸಾಯ ನಿಂತ ಮೆಟ್ಟಿಲಿನಲ್ಲಿ ಮೊದಲು ಮುಳ್ಳುಪೊದೆ ಏಳುತ್ತದೆ. ಬೇರುಗಳು ಕಲ್ಲಿನ ಸಂದಿಗೆ ಇಳಿಯುತ್ತವೆ. ಕಾಡುಹಂದಿಗಳು ಗೆಡ್ಡೆಗಾಗಿ ಗೋಡೆಯ ನೆತ್ತಿಯನ್ನು ಅಗೆಯುತ್ತವೆ. ಸಂದುಗಳು ಮಣ್ಣಿನಿಂದ ಮುಚ್ಚಿ ನೀರು ನಿಲ್ಲುತ್ತದೆ. ಗೋಡೆ ಹೊಟ್ಟೆ ಬಿಡುತ್ತದೆ, ಅಂದರೆ ನಡುವಿನಲ್ಲಿ ಉಬ್ಬುತ್ತದೆ. ಬೆಳೆಗಾರ ದಿನವೂ ಓಡಾಡುವ ತೋಟವಾದರೆ ಆ ಉಬ್ಬು ಕಣ್ಣಿಗೆ ಬಿದ್ದು, ನಾಲ್ಕು ಕಲ್ಲು ಬಿಚ್ಚಿ ಮತ್ತೆ ಕೂರಿಸಿದರೆ ಮುಗಿಯಿತು. ನೋಡುವವರಿಲ್ಲದಿದ್ದರೆ ಮುಂದಿನ ಮಳೆಗೆ ಗೋಡೆ ಬೀಳುತ್ತದೆ. ಅದರ ಮಣ್ಣು ಕೆಳಗಿನ ಗೋಡೆಯ ಮೇಲೆ ಬೀಳುತ್ತದೆ. ಪಕ್ಕದ ತೋಟದವನು ತನ್ನ ಗೋಡೆಯನ್ನು ಎಷ್ಟು ಅಚ್ಚುಕಟ್ಟಾಗಿ ಇಟ್ಟಿದ್ದರೂ ಮೇಲಿನವನು ಬಿಟ್ಟುಹೋದ ಗೋಡೆ ಅವನನ್ನು ಕಾಡದೆ ಬಿಡದು.

2011ರ ಅಕ್ಟೋಬರ್ 25ರಂದು ಆದದ್ದು ಇದರ ದೊಡ್ಡ ರೂಪ. ಅಂದು ಮಧ್ಯಾಹ್ನ ಕೆಲವೇ ಗಂಟೆಗಳಲ್ಲಿ ಈ ಪ್ರದೇಶದ ಮೇಲೆ ಅಸಾಧಾರಣ ಮಳೆ ಸುರಿಯಿತು. ಬೆಟ್ಟದ ಆಚೆಯ ವಾರಾ ಕಣಿವೆಯ ಬ್ರುನ್ಯಾತೊದಲ್ಲಿ ಆ ದಿನದ ಮಳೆ 500 ಮಿಲಿಮೀಟರು ದಾಟಿತು. ವೆರ್ನಾತ್ಸಾ ಮತ್ತು ಮೊಂತೆರೊಸ್ಸೊಗಳ ಹಿಂದಿನ ಬೆಟ್ಟಗಳು ನೂರಾರು ಕಡೆ ಜಾರಿದವು. ವೆರ್ನಾತ್ಸಾದ ಮುಖ್ಯ ಬೀದಿಯ ಅಡಿಯಲ್ಲಿ ಒಂದು ಹಳ್ಳ ಹರಿಯುತ್ತದೆ. ಜಾಗದ ಕೊರತೆಯಿಂದ ಹಿಂದಿನವರು ಅದನ್ನು ಮುಚ್ಚಿ ಮೇಲೆ ಬೀದಿ ಮಾಡಿಕೊಂಡಿದ್ದರು. ಕಲ್ಲು, ಮರ, ಮಣ್ಣು ತುಂಬಿದ ನೀರಿಗೆ ಆ ಸುರಂಗ ಸಾಲದೆ ಹಳ್ಳ ತನ್ನ ಹಳೆಯ ಜಾಗವನ್ನು ವಾಪಸು ಪಡೆಯಿತು. ಬೀದಿಯ ಅಂಗಡಿಗಳೂ ಮನೆಗಳ ನೆಲ ಅಂತಸ್ತುಗಳೂ ಕೆಸರಿನಲ್ಲಿ ಹೂತುಹೋದವು. ಎರಡು ಊರುಗಳಲ್ಲಿ ನಾಲ್ವರು ಸತ್ತರು. ನೆರೆ ಇಳಿದ ಮೇಲೆ ಭೂವಿಜ್ಞಾನಿಗಳು ಕುಸಿತಗಳನ್ನು ಒಂದೊಂದಾಗಿ ನಕ್ಷೆಯಲ್ಲಿ ಗುರುತಿಸಿದರು. ಇತ್ತೀಚೆಗೆ ಪಾಳುಬಿದ್ದ ಮೆಟ್ಟಿಲುಗಳೇ ಜಾರಲು ಎಲ್ಲಕ್ಕಿಂತ ಸುಲಭವಾಗಿ ಈಡಾಗುತ್ತವೆ ಎಂದು ತಿಳಿದುಬಂತು. ತೋಟವೂ ಅಲ್ಲದ, ಇನ್ನೂ ಕಾಡೂ ಆಗದ ಜಾಗ ಅದು. ಕಾಪಾಡುವ ಕೈಯೂ ಇಲ್ಲ, ಹಿಡಿದು ನಿಲ್ಲಿಸುವ ಆಳವಾದ ಬೇರೂ ಇಲ್ಲ.

ಮರುವರ್ಷ ಇನ್ನೊಂದು ಪೆಟ್ಟು. ರಿಯೊಮಜ್ಜೋರೆ ಮತ್ತು ಮನರೋಲಾಗಳ ನಡುವೆ ಕಡಲಿನ ಅಂಚಿನಲ್ಲಿ ಒಂದು ಕಿಲೋಮೀಟರಿಗೂ ಕಡಿಮೆ ಉದ್ದದ ಸಮತಟ್ಟಾದ ದಾರಿಯೊಂದಿದೆ. ರೈಲು ಸುರಂಗದ ಕೆಲಸದ ಕಾಲದಲ್ಲಿ ಹುಟ್ಟಿದ ಈ ದಾರಿ ಎರಡು ಊರಿನ ಹುಡುಗ ಹುಡುಗಿಯರು ಭೇಟಿಯಾಗುವ ಜಾಗವಾಗಿ ‘ಪ್ರೇಮದ ಹಾದಿ’ ಎಂದು ಹೆಸರಾಯಿತು. ಪ್ರವಾಸಿಗಳಲ್ಲಿ ಬಹುಮಂದಿ ಚಿಂಕ್ವೆ ತೆರ್ರೆಯಲ್ಲಿ ನಡೆಯುವುದೆಂದರೆ ಇದೊಂದೇ ದಾರಿಯಲ್ಲಿ. 2012ರ ಸೆಪ್ಟೆಂಬರಿನಲ್ಲಿ ಮೇಲಿನಿಂದ ಬಂಡೆಗಳು ಉರುಳಿ ನಾಲ್ವರು ಪ್ರವಾಸಿಗಳು ಗಾಯಗೊಂಡರು. ಹಾದಿ ಮುಚ್ಚಿತು. ಬಂಡೆಗೆ ಉಕ್ಕಿನ ಬಲೆ ಹೊದಿಸಿ, ದುರಸ್ತಿ ಮುಗಿಸಿ ಪೂರ್ತಿಯಾಗಿ ಮತ್ತೆ ತೆರೆಯುವಾಗ 2024ನೇ ಇಸವಿ. ಒಂದು ಕಿಲೋಮೀಟರಿಗೂ ಕಡಿಮೆ ದಾರಿಗೆ ಹನ್ನೆರಡು ವರ್ಷ! ಈಗ ಅಲ್ಲಿ ನಿಗದಿತ ವೇಳೆಗೆ ಮುಂಗಡ ಟಿಕೆಟು ಪಡೆದು ಹೋಗಬೇಕು. ಉಳಿದ ಕಾಲುದಾರಿಗಳಲ್ಲಿ ಕೆಲವಕ್ಕೂ ಉದ್ಯಾನದವರು ಶುಲ್ಕ ಇಟ್ಟಿದ್ದಾರೆ. 2019ರಲ್ಲಿ ಹವಾಯಿ ಚಪ್ಪಲಿ ಮೆಟ್ಟಿ ಬೆಟ್ಟದ ದಾರಿಗೆ ಬರುವವರಿಗೆ ದಂಡ ಎಂದು ಪ್ರಕಟಣೆ ಹೊರಡಿಸಿದಾಗ ಜಗತ್ತಿನ ಪತ್ರಿಕೆಗಳೆಲ್ಲ ನಕ್ಕವು. ಜಾರಿ ಬಿದ್ದವರನ್ನು ಹೊತ್ತು ತರುವವರಿಗೆ ಅದು ನಗುವ ವಿಷಯವಾಗಿರಲಿಲ್ಲ.

ಹಾದಿಗೆ ಉಕ್ಕಿನ ಬಲೆ ಹೊದಿಸಬಹುದು. ಇಡೀ ಬೆಟ್ಟಕ್ಕೆ ಹೊದಿಸಲಾಗದು. ಅದಕ್ಕೆ ಗೋಡೆಯೇ ಆಗಬೇಕು, ಗೋಡೆಗೆ ಜನ ಬೇಕು, ಜನ ನಿಲ್ಲಬೇಕಾದರೆ ತೋಟದಿಂದ ಏನಾದರೂ ಗಿಟ್ಟಬೇಕು. ಇಲ್ಲಿಯ ದ್ರಾಕ್ಷಾರಸಕ್ಕೆ 1973ರಲ್ಲಿ ಮೂಲಸ್ಥಾನದ ಸರ್ಕಾರಿ ಮಾನ್ಯತೆ ದೊರೆತದ್ದು ಈ ದಿಕ್ಕಿನಲ್ಲಿ ಒಂದು ಹೆಜ್ಜೆ. ಬೋಸ್ಕೊ, ಆಲ್ಬರೋಲಾ, ವೆರ್ಮೆಂತೀನೊ ಎಂಬ ಮೂರು ತಳಿಗಳಿಂದ ಮಾಡುವ ಬಿಳಿ ದ್ರಾಕ್ಷಾರಸ ಸಾಮಾನ್ಯ ಬಳಕೆಯದು. ಹೆಸರು ಉಳಿಸಿರುವುದು ಮಾತ್ರ ‘ಶಕ್ಕೆತ್ರಾ’. ಕುಯ್ದ ಗೊಂಚಲುಗಳನ್ನು ಗಾಳಿಯಾಡುವ ನೆರಳಿನಲ್ಲಿ ವಾರಗಟ್ಟಲೆ ಒಣಗಿಸಿ, ಒಣದ್ರಾಕ್ಷಿಯ ಹದಕ್ಕೆ ಬಂದಾಗ ಒಂದೊಂದೇ ಹಣ್ಣು ಬಿಡಿಸಿ ಹಿಂಡಿದ ಸಿಹಿ ಮದ್ಯ ಅದು. ನವೆಂಬರ್ ಒಂದರ ಮೊದಲು ಹಿಂಡುವಂತಿಲ್ಲವೆಂಬುದು ನಿಯಮ. ಒಂದು ಕ್ವಿಂಟಲ್ ಹಣ್ಣಿಗೆ ಅದರ ಮೂರನೆಯ ಒಂದು ಭಾಗದಷ್ಟು ರಸ ಸಿಕ್ಕಿದರೆ ಪುಣ್ಯ. ಹಿಂದೆ ಇದನ್ನು ಮಾರುತ್ತಿದ್ದುದು ಕಡಿಮೆ. ಮದುವೆಗೆ, ಹೆರಿಗೆಗೆ, ಕಾಯಿಲೆಯವರಿಗೆಂದು ಮನೆಯಲ್ಲಿ ಎತ್ತಿಡುತ್ತಿದ್ದರು. ಈಗ ಅದರ ಪುಟ್ಟ ಸೀಸೆಗೆ ಕೊಡುವ ಬೆಲೆ ಕೇಳಿ ಪ್ರವಾಸಿಗಳು ಹುಬ್ಬೇರಿಸುತ್ತಾರೆ. ಅದರಲ್ಲಿ ಗೋಡೆಯ ಕೂಲಿಯೂ ಸೇರಿದೆಯೆಂದು ಸೀಸೆಯ ಚೀಟಿಯಲ್ಲಿ ಬರೆದಿರುವುದಿಲ್ಲ.

ಸಾವಿರ ಹೆಕ್ಟೇರುಗಳ ಲೆಕ್ಕದಲ್ಲಿದ್ದ ದ್ರಾಕ್ಷಿ ತೋಟ ಈಗ ನೂರು ಹೆಕ್ಟೇರಿನ ಆಸುಪಾಸಿಗೆ ಇಳಿದಿದೆ. ಉಳಿದದ್ದನ್ನು ಉಳಿಸುವ ಪ್ರಯತ್ನಗಳು ಹಲವು ನಡೆದಿವೆ. 1970ರ ದಶಕದ ನಂತರ ಬೆಟ್ಟದ ಮೇಲೆ ಒಂದೇ ಹಳಿಯ ಪುಟ್ಟ ಗಾಡಿಗಳು ಬಂದು ತಲೆಹೊರೆಯ ಕಷ್ಟ ಕಡಿಮೆಯಾಯಿತು. ಗಾರೆಯಿಲ್ಲದ ಗೋಡೆ ಕಟ್ಟುವ ವಿದ್ಯೆಯನ್ನು 2018ರಲ್ಲಿ ಯುನೆಸ್ಕೊ ಇಟಲಿಯೂ ಸೇರಿ ಎಂಟು ದೇಶಗಳ ಜೀವಂತ ಪರಂಪರೆಯೆಂದು ಮನ್ನಿಸಿತು. 2019ರಲ್ಲಿ ಯೂರೋಪ್ ಒಕ್ಕೂಟದ ನೆರವಿನಿಂದ ಮನರೋಲಾದ ಬೆಟ್ಟದಲ್ಲಿ ಗೋಡೆಗಳನ್ನು ಎತ್ತಿ ಕಟ್ಟುವ, ಕಟ್ಟಲು ಕಲಿಸುವ ಯೋಜನೆಯೊಂದು ಶುರುವಾಯಿತು. ತಾತನಿಂದ ಮೊಮ್ಮಗನಿಗೆ ಬರುತ್ತಿದ್ದ ವಿದ್ಯೆಯನ್ನು ಈಗ ತರಗತಿ ನಡೆಸಿ ಕಲಿಸಬೇಕಾಗಿದೆ. ಕಲಿಯಲು ಬರುವವರಲ್ಲಿ ಹೊರಗಿನವರೂ ಇದ್ದಾರೆ. ಇದನ್ನು ಕೊರತೆಯೆಂದು ಕಾಣಬೇಕಾಗಿಲ್ಲ. ಕಲ್ಲಿಗೆ ಊರಿನವರು, ಪರವೂರಿನವರು ಎಂಬ ಭೇದವಿಲ್ಲ, ಸರಿಯಾಗಿ ಕೂರಿಸಿದ್ದಾರೆಯೇ ಎಂಬುದಷ್ಟೇ ಅದಕ್ಕೆ ಗೊತ್ತು.

ಈ ಊರುಗಳಿಗೆ ಜನ ಹೋಗುವುದು ಏಪ್ರಿಲಿನಿಂದ ಅಕ್ಟೋಬರಿನವರೆಗೆ. ನವೆಂಬರಿನಲ್ಲಿ ಹಲವು ಹೋಟೆಲುಗಳು ಬಾಗಿಲು ಹಾಕುತ್ತವೆ, ನಿಲ್ದಾಣಗಳಲ್ಲಿ ಗದ್ದಲ ಇಳಿಯುತ್ತದೆ. ಗೋಡೆಯ ಕೆಲಸ ನಡೆಯುವುದು ಆ ತಿಂಗಳುಗಳಲ್ಲಿ. ಕುಯಿಲು ಮುಗಿದು ಬಳ್ಳಿಗಳು ಬೋಳಾಗಿರುವಾಗ ಯಾವ ಗೋಡೆ ಎಲ್ಲಿ ಉಬ್ಬಿದೆ ಎಂಬುದು ಚೆನ್ನಾಗಿ ಕಾಣುತ್ತದೆ. ಸೆಪ್ಟೆಂಬರಿನಲ್ಲಿ ದ್ರಾಕ್ಷಿ ಇಳಿಸಿದ ಒಂಟಿಹಳಿಯ ಗಾಡಿಗಳು ಆಗ ಕಲ್ಲು ಹೇರಿಕೊಂಡು ಮೇಲೆ ಹತ್ತುತ್ತವೆ.